ಕಡಿಮೆ ಬೆಲೆಯ .22 ಬೋರ್ ರಿವಾಲ್ವರ್ ಖರೀದಿಸುವ ಮುನ್ನ: ಪರವಾನಗಿದಾರರ ಮಾಹಿತಿಗಾಗಿ

ಆಯುಧ ಪರವಾನಗಿಗೆ ಅರ್ಜಿ ಸಲ್ಲಿಸುವ ವಿಧಾನ, ನಮೂನೆ ಎ-1, ಅದರೊಂದಿಗೆ ಲಗತ್ತಿಸಬೇಕಾದ ದಾಖಲೆಗಳು ಮತ್ತು ಶುಲ್ಕದ ವಿವರಗಳನ್ನು ಪ್ರತ್ಯೇಕವಾಗಿ ನೀಡಲಾಗಿದೆ. ಇಲ್ಲಿ ತಿಳಿಸುತ್ತಿರುವುದು ಅದರ ಮುಂದಿನ ಹಂತವನ್ನು ಕುರಿತು. ಪರವಾನಗಿ ಮಂಜೂರಾಗಿದೆ, ಆಯುಧವನ್ನು ಇನ್ನೂ ಕೊಂಡಿಲ್ಲ, ಕೈಯಲ್ಲಿರುವ ಹಣ ಹೆಚ್ಚೇನೂ ಇಲ್ಲ ಎಂಬ ಸ್ಥಿತಿಯಲ್ಲಿರುವ ಪರವಾನಗಿದಾರರು, ಅಂಗಡಿಯಲ್ಲಿ ತಮ್ಮ ಮುಂದೆ ಇಟ್ಟ ರಿವಾಲ್ವರನ್ನು ಹೇಗೆ ಪರಿಶೀಲಿಸಬೇಕು ಎಂಬುದು ಇದರ ವಿಷಯ.

ಮಾಲೂರು ತಾಲ್ಲೂಕು ಮಾಸ್ತಿ ಹೋಬಳಿಯ ತರಕಾರಿ ವ್ಯಾಪಾರಿಯೊಬ್ಬರು ಕೆಲವು ವರ್ಷಗಳ ಹಿಂದೆ ಪರಿಚಿತರ ಬಳಿ ಇದ್ದ ಹಳೆಯ ವಿದೇಶಿ .22 ಬೋರ್ ರಿವಾಲ್ವರನ್ನು, ಕಡಿಮೆ ಬೆಲೆಗೆ ಸಿಕ್ಕಿತೆಂದು ಕೊಂಡರು. ಕಾಗದಪತ್ರಗಳೆಲ್ಲ ಕ್ರಮಬದ್ಧವಾಗಿದ್ದವು. ಆಯುಧದ ಸಂಖ್ಯೆಯು ಪರವಾನಗಿಯಲ್ಲಿ ನಮೂದಾಯಿತು. ಎರಡು ತಿಂಗಳ ತರುವಾಯ ಎಣ್ಣೆ ಹಚ್ಚಲು ಕುಳಿತಾಗ, ತೋಟಾ ತುಂಬುವ ಎಂಟು ರಂಧ್ರಗಳ ಪೈಕಿ ಎರಡು ರಂಧ್ರಗಳು ನಳಿಗೆಯ ನೇರಕ್ಕೆ ಬಂದು ನಿಲ್ಲುತ್ತಿಲ್ಲವೆಂದು ಅವರಿಗೆ ಗೊತ್ತಾಯಿತು. ಆ ಎರಡರಲ್ಲಿ ಯಾವುದನ್ನು ಹಾರಿಸಿದರೂ ಗುಂಡಿನ ಒಂದು ಪಾರ್ಶ್ವವು ನಳಿಗೆಯ ಅಂಚಿಗೆ ಬಡಿದು ಸೀಸದ ಚೂರುಗಳು ಬದಿಗೆ ಸಿಡಿಯುತ್ತಿದ್ದವು. ಪರವಾನಗಿಯಲ್ಲಿರುವ ನಮೂದನ್ನು ಹೊಡೆದುಹಾಕಿಕೊಡಿ ಎಂದು ಅವರು ಕಚೇರಿಗೆ ಬಂದರು. ಹಾಗೆ ಹೊಡೆದುಹಾಕಲು ಬರುವುದಿಲ್ಲ. ಆಯುಧವನ್ನು ಕಾನೂನಿನ ಪ್ರಕಾರ ಮತ್ತೊಬ್ಬರಿಗೆ ವರ್ಗಾಯಿಸಬೇಕು, ಇಲ್ಲವೇ ಒಪ್ಪಿಸಬೇಕು. ದೋಷ ತಿಳಿದ ಮೇಲೆ ಅದನ್ನು ಇನ್ನೊಬ್ಬರಿಗೆ ದಾಟಿಸಲು ಅವರ ಮನಸ್ಸು ಒಪ್ಪಲಿಲ್ಲ. ಹಣವೂ ಹೋಯಿತು, ಪರವಾನಗಿಯಲ್ಲಿದ್ದ ಒಂದು ಸ್ಥಾನವೂ ತುಂಬಿಹೋಯಿತು.

ಅಂಗಡಿಯಲ್ಲಿ ಕಾಲು ಗಂಟೆ ವ್ಯಯಿಸಿ ನೋಡಿದ್ದರೆ ಈ ದೋಷ ಕಾಣುತ್ತಿತ್ತು. ಬೇಕಾಗಿದ್ದುದು ಒಂದು ಸೀಮೆಸುಣ್ಣದ ತುಂಡು ಮತ್ತು ಸ್ವಲ್ಪ ತಾಳ್ಮೆ.

ಸಂಖ್ಯೆ ನಮೂದಾಗುವ ಮುನ್ನವೇ ಏಕೆ ನೋಡಬೇಕು?

ಬೇರೆ ಯಾವುದೇ ವಸ್ತುವನ್ನು ಕೊಂಡರೆ, ಹಿಡಿಸದಿದ್ದಲ್ಲಿ ಹಿಂದಿರುಗಿಸಬಹುದು ಅಥವಾ ಮರುದಿನವೇ ಮಾರಬಹುದು. ಆಯುಧದ ವಿಷಯದಲ್ಲಿ ಈ ಅನುಕೂಲ ಇಲ್ಲ. ಆಯುಧ ಅಧಿನಿಯಮ, 1959ಕ್ಕೆ 2019ರಲ್ಲಿ ತಂದ ತಿದ್ದುಪಡಿಯ ನಂತರ, ಸಾಮಾನ್ಯ ಪರವಾನಗಿದಾರರು ಹೊಂದಬಹುದಾದ ಬಂದೂಕು, ರಿವಾಲ್ವರ್, ಪಿಸ್ತೂಲುಗಳ ಒಟ್ಟು ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಲಾಗಿದೆ. ಅದೇ ತಿದ್ದುಪಡಿಯಲ್ಲಿ ಪರವಾನಗಿಯ ಅವಧಿಯನ್ನು ಮೂರು ವರ್ಷದಿಂದ ಐದು ವರ್ಷಕ್ಕೆ ಹೆಚ್ಚಿಸಲಾಗಿದೆ. ತಂದೆಯ ಕಾಲದ ಒಂದು ಒಂಟಿನಳಿಗೆ ಬಂದೂಕು ಪರವಾನಗಿಯಲ್ಲಿ ಈಗಾಗಲೇ ಇದ್ದರೆ ಉಳಿಯುವುದು ಒಂದೇ ಸ್ಥಾನ.

ವಾಣಿಜ್ಯ ಶಾಸ್ತ್ರವನ್ನು ಓದಿದವರಿಗೆ ಬೆಲೆ ಬೇರೆ, ವೆಚ್ಚ ಬೇರೆ ಎಂಬುದು ಮೊದಲ ವರ್ಷದ ಪಾಠ. ರಿವಾಲ್ವರಿನ ಮಟ್ಟಿಗೆ ಈ ವ್ಯತ್ಯಾಸ ಬಹಳ ದೊಡ್ಡದು. ಬಿಲ್ಲಿನಲ್ಲಿ ಕಾಣುವುದು ಬೆಲೆ ಮಾತ್ರ. ಕೆಟ್ಟ ಆಯುಧ ಆಕ್ರಮಿಸಿಕೊಂಡ ಸ್ಥಾನ, ಬೆಂಗಳೂರಿಗೆ ಓಡಾಡುವ ದಿನಗಳು, ಅಪಘಾತವಾದರೆ ಹೊರಬೇಕಾದ ಹೊಣೆ ಇವು ಯಾವ ಬಿಲ್ಲಿನಲ್ಲಿಯೂ ಇರುವುದಿಲ್ಲ. ಪರವಾನಗಿಯಲ್ಲಿ ನಮೂದಾದ ದಿನದಿಂದ ಆ ಆಯುಧದಿಂದ ಆಗುವುದಕ್ಕೆಲ್ಲ ಮೊದಲು ಉತ್ತರ ಕೊಡಬೇಕಾದವರು ಪರವಾನಗಿದಾರರೇ ಆಗಿರುತ್ತಾರೆ.

ರಿಮ್‌ಫೈರ್ ಎಂದರೇನು?

.22 ಬೋರ್ ಎಂದರೆ ನಳಿಗೆಯ ಒಳವ್ಯಾಸ ಸುಮಾರು 5.6 ಮಿಲಿಮೀಟರ್. ಈ ಅಳತೆಯ ಸಾಮಾನ್ಯ ತೋಟಾವನ್ನು ಲಾಂಗ್ ರೈಫಲ್ ತೋಟಾ ಎಂದು ಕರೆಯುತ್ತಾರೆ. ಹೆಸರಿನಲ್ಲಿ ರೈಫಲ್ ಇದ್ದರೂ ಇದನ್ನು ರಿವಾಲ್ವರಿನಲ್ಲಿಯೂ ಬಳಸಲಾಗುತ್ತದೆ. .32 ಬೋರ್ ತೋಟಾದ ಹಿಂಭಾಗದ ನಡುವೆ ಒಂದು ಸಣ್ಣ ಗುಂಡಿಯಂತಹ ಕ್ಯಾಪ್ ಕಾಣುತ್ತದೆ, ಹೊಡೆತ ಬೀಳುವುದು ಅದರ ಮೇಲೆ. .22 ತೋಟಾದಲ್ಲಿ ಅಂತಹ ಕ್ಯಾಪ್ ಇಲ್ಲ. ಹೊತ್ತಿಕೊಳ್ಳುವ ರಾಸಾಯನಿಕವನ್ನು ತೋಟಾದ ಹಿಂಬದಿಯ ಅಂಚಿನ ಒಳಗೆ, ಸುತ್ತಲೂ ತೆಳುವಾಗಿ ಹರಡಿರುತ್ತಾರೆ. ಹೊಡೆಯುವ ಪಿನ್ನು ಆ ಅಂಚನ್ನು ಜಜ್ಜಿದಾಗ ತೋಟಾ ಹಾರುತ್ತದೆ. ಅಂಚಿಗೆ ಇಂಗ್ಲಿಷಿನಲ್ಲಿ ರಿಮ್ ಎನ್ನುವುದರಿಂದ ರಿಮ್‌ಫೈರ್ ಎಂಬ ಹೆಸರು ಬಂದಿದೆ. ಅಮೆರಿಕದ ಸ್ಮಿತ್ ಅಂಡ್ ವೆಸನ್ ಕಂಪನಿಯ ಮೊದಲ ರಿವಾಲ್ವರ್ 1857ರಲ್ಲಿ ಹೊರಬಂದದ್ದು ಇದೇ ತತ್ವದ ಮೇಲೆ. ಈಗ ಬಳಕೆಯಲ್ಲಿರುವ ಲಾಂಗ್ ರೈಫಲ್ ತೋಟಾ 1887ರಿಂದ ಇದೆ.

ಇದರ ಅನುಕೂಲ, ಅನಾನುಕೂಲಗಳೆರಡೂ ಆ ತೆಳುವಾದ ಅಂಚಿನಿಂದಲೇ ಬರುತ್ತವೆ. ತೋಟಾ ಚಿಕ್ಕದು, ಹಿನ್ನೂಕು ಕಡಿಮೆ, ರಿವಾಲ್ವರ್ ಹಗುರವಾಗಿರಬಹುದು, ಆದ್ದರಿಂದ ಬೆಲೆಯೂ ಇಳಿಯುತ್ತದೆ. ಆದರೆ ರಾಸಾಯನಿಕವು ಅಂಚಿನ ಸುತ್ತಲೂ ಸಮನಾಗಿ ಹರಡಿರದಿದ್ದರೆ, ಅಥವಾ ಪಿನ್ನಿನ ಹೊಡೆತ ದುರ್ಬಲವಾಗಿದ್ದರೆ, ತೋಟಾ ಹಾರುವುದಿಲ್ಲ. ಹೀಗೆ ಹುಸಿಯಾಗುವ ಸಂಭವ .32ಕ್ಕಿಂತ .22ರಲ್ಲಿ ಹೆಚ್ಚು. ಕಡಿಮೆ ಬೆಲೆಯ ರಿವಾಲ್ವರಿನಲ್ಲಿ ಸ್ಪ್ರಿಂಗು ಮತ್ತು ಪಿನ್ನು ಸಾಧಾರಣವಾಗಿದ್ದರೆ ಈ ತೊಂದರೆ ಇನ್ನೂ ಹೆಚ್ಚುತ್ತದೆ. ಆದ್ದರಿಂದ .22 ಎಂಬ ಕಾರಣಕ್ಕೆ ಪರಿಶೀಲನೆಯನ್ನು ಸಡಿಲಿಸದೆ ಬಿಗಿಗೊಳಿಸಬೇಕು.

ಇನ್ನೊಂದು ತಪ್ಪು ತಿಳಿವಳಿಕೆ, ಚಿಕ್ಕ ಗುಂಡು ಎಂದರೆ ಅಪಾಯವೂ ಚಿಕ್ಕದು ಎಂಬುದು. ಈ ಗುಂಡಿನ ತೂಕ ಸುಮಾರು 2.6 ಗ್ರಾಂ ಅಷ್ಟೇ. ಆದರೂ ಅದು ಒಂದು ಕಿಲೋಮೀಟರಿಗೂ ಮಿಕ್ಕಿ ಸಾಗಬಲ್ಲದು ಮತ್ತು ಪ್ರಾಣ ತೆಗೆಯಬಲ್ಲದು.

ಭಾರತದಲ್ಲಿ ಏನು ದೊರೆಯುತ್ತದೆ?

ಮೊಬೈಲ್ ಫೋನಿನ ವಿಡಿಯೊಗಳಲ್ಲಿ ಹೆರಿಟೇಜ್ ರಫ್ ರೈಡರ್, ರುಗರ್ ರ‍್ಯಾಂಗ್ಲರ್ ಮುಂತಾದ ಅಮೆರಿಕದ ಅಗ್ಗದ .22 ರಿವಾಲ್ವರುಗಳನ್ನು ನೋಡಿ, ಅವು ಎಲ್ಲಿ ಸಿಗುತ್ತವೆ ಎಂದು ವಿಚಾರಿಸುವವರಿದ್ದಾರೆ. ಸಾಮಾನ್ಯ ನಾಗರಿಕರಿಗಾಗಿ ರಿವಾಲ್ವರುಗಳನ್ನು ಆಮದು ಮಾಡಿಕೊಳ್ಳುವುದನ್ನು 1980ರ ದಶಕದ ಮಧ್ಯಭಾಗದಲ್ಲಿಯೇ ನಿಲ್ಲಿಸಲಾಗಿದೆ. ಕ್ರೀಡಾ ಶೂಟರುಗಳಿಗೆ ಇರುವ ಅವಕಾಶ ಬೇರೆ. ಆದ್ದರಿಂದ ಪರವಾನಗಿದಾರರ ಮುಂದಿರುವ ದಾರಿಗಳು ಎರಡು: ದೇಶದಲ್ಲಿ ತಯಾರಾದ ಹೊಸ ರಿವಾಲ್ವರ್, ಅಥವಾ ಆಮದು ನಿಲ್ಲುವ ಮುನ್ನ ಬಂದು ಇಂದಿಗೂ ಕೈಯಿಂದ ಕೈಗೆ ದಾಟುತ್ತಿರುವ ಹಳೆಯದು.

ಹೊಸದರಲ್ಲಿ ಹೆಚ್ಚಿನವು .32 ಬೋರಿನವು. ಕಾನ್ಪುರದ ಸ್ಮಾಲ್ ಆರ್ಮ್ಸ್ ಕಾರ್ಖಾನೆಯ .32 ರಿವಾಲ್ವರ್ ಬಹಳ ವರ್ಷಗಳಿಂದ ಬಳಕೆಯಲ್ಲಿದೆ. 2014ರಲ್ಲಿ ಕಾನ್ಪುರದ ಫೀಲ್ಡ್ ಗನ್ ಕಾರ್ಖಾನೆಯಿಂದ ಬಂದ ನಿರ್ಭೀಕ್, 2023ರಲ್ಲಿ ಬಂದ ಪ್ರಬಲ್ ಕೂಡ .32 ಬೋರಿನವೇ. .22 ಬೋರಿನಲ್ಲಿ ಪಶ್ಚಿಮ ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆಯು ತಯಾರಿಸಿದ ನಿಡರ್ ಎಂಬ ರಿವಾಲ್ವರ್ ಇದೆ. ಎಂಟು ತೋಟಾ ಹಿಡಿಯುವ ಇದರ ತೂಕ ಸುಮಾರು 250 ಗ್ರಾಂ. ನಿರ್ಭೀಕ್‌ನ ಬೆಲೆ ಪ್ರಾರಂಭದಲ್ಲಿಯೇ ಒಂದು ಲಕ್ಷ ರೂಪಾಯಿ ಮೀರಿತ್ತು, ನಿಡರ್ ಅದಕ್ಕಿಂತ ಬಹಳ ಅಗ್ಗವಾಗಿ ಬಂದಿತು. ಈ ಕಾರ್ಖಾನೆಗಳು 2021ರ ಅಕ್ಟೋಬರ್ 1ರಿಂದ ಅಡ್ವಾನ್ಸ್‌ಡ್ ವೆಪನ್ಸ್ ಅಂಡ್ ಎಕ್ವಿಪ್‌ಮೆಂಟ್ ಇಂಡಿಯಾ ಲಿಮಿಟೆಡ್ ಎಂಬ ಕೇಂದ್ರ ಸರ್ಕಾರದ ಕಂಪನಿಯ ಅಡಿಯಲ್ಲಿವೆ. ಯಾವ ಮಾದರಿ ದಾಸ್ತಾನಿನಲ್ಲಿದೆ, ಈಗಿನ ಬೆಲೆ ಎಷ್ಟು ಎಂಬುದನ್ನು ಪರವಾನಗಿ ಪಡೆದ ಮಾರಾಟಗಾರರಲ್ಲಿ ವಿಚಾರಿಸಿಕೊಳ್ಳಬೇಕು. ಯಾವುದೇ ತಯಾರಿಕೆಯನ್ನಾಗಲಿ ಅಂಗಡಿಯನ್ನಾಗಲಿ ಇಲ್ಲಿ ಶಿಫಾರಸು ಮಾಡುತ್ತಿಲ್ಲ.

ಕಾಡುಹಂದಿಯಿಂದ ಬೆಳೆ ರಕ್ಷಿಸಿಕೊಳ್ಳಲೆಂದು ರಿವಾಲ್ವರ್ ಕೇಳುವ ರೈತರಿಗೆ ಒಂದು ಮಾತು. .22 ರಿವಾಲ್ವರ್ ಆ ಕೆಲಸಕ್ಕೆ ಬಾರದು. ಗಾಯಗೊಂಡ ಪ್ರಾಣಿ ತಿರುಗಿಬೀಳುತ್ತದೆ, ಅಲ್ಲದೆ ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ತೊಡಕೂ ಇದೆ.

ಅಂಗಡಿಯಲ್ಲಿ ಮೊದಲು ಮಾಡಬೇಕಾದದ್ದು

ರಿವಾಲ್ವರನ್ನು ಕೈಗೆ ತೆಗೆದುಕೊಂಡ ಕೂಡಲೇ, ಮಾರಾಟಗಾರರು ಖಾಲಿ ಇದೆ ಎಂದು ಹೇಳಿದ್ದರೂ, ತಾವೇ ತೆರೆದು ಪ್ರತಿಯೊಂದು ಚೇಂಬರನ್ನೂ, ಅಂದರೆ ತೋಟಾ ಕೂರುವ ರಂಧ್ರವನ್ನೂ, ಬೆಳಕಿಗೆ ಹಿಡಿದು ನೋಡಬೇಕು. ಇದು ಅಪನಂಬಿಕೆಯಲ್ಲ, ರೂಢಿ. ಒಳ್ಳೆಯ ಮಾರಾಟಗಾರರು ಇದಕ್ಕೆ ಬೇಸರಿಸುವುದಿಲ್ಲ. ನಳಿಗೆಯ ತುದಿ ಯಾರ ಕಡೆಗೂ ತಿರುಗದಂತೆ, ಬೆರಳು ಟ್ರಿಗರಿನ ಹೊರಗೆ ಇರುವಂತೆ ನೋಡಿಕೊಳ್ಳಬೇಕು.

ಅನಂತರ ಗುರುತುಗಳು. ತಯಾರಕರ ಹೆಸರು, ಆಯುಧದ ಸಂಖ್ಯೆ ಮತ್ತು ಬೋರ್ ಸ್ಪಷ್ಟವಾಗಿ ಅಚ್ಚಾಗಿರಬೇಕು. ಒತ್ತಡ ಪರೀಕ್ಷೆ ಮಾಡಿದ ಮುದ್ರೆಯು ಎಲ್ಲಿದೆ ಎಂದು ಮಾರಾಟಗಾರರನ್ನು ಕೇಳಿ ನೋಡಿಕೊಳ್ಳಬೇಕು. ಅಧಿನಿಯಮದ ಕಲಂ 8ರ ಪ್ರಕಾರ, ತಯಾರಕರ ಹೆಸರು, ಸಂಖ್ಯೆ ಅಥವಾ ಗುರುತು ಇಲ್ಲದ ಬಂದೂಕನ್ನು ಮಾರುವುದು ನಿಷಿದ್ಧ, ಅಂತಹ ಗುರುತನ್ನು ಅಳಿಸುವುದು, ತಿದ್ದುವುದು ಕೂಡ ಅಪರಾಧ. ಸಂಖ್ಯೆಯ ಸುತ್ತಲಿನ ಲೋಹ ತಗ್ಗಾಗಿದ್ದರೆ, ಅರದಿಂದ ಉಜ್ಜಿದಂತೆ ಹೊಳೆಯುತ್ತಿದ್ದರೆ, ಅಥವಾ ಅಂಕಿಗಳು ಒಂದು ಸಾಲಿನಲ್ಲಿ ಇಲ್ಲದಿದ್ದರೆ ಮುಂದಿನ ಪರೀಕ್ಷೆಗಳ ಅಗತ್ಯವೇ ಇಲ್ಲ. ಬೆಲೆ ಎಷ್ಟೇ ಕಡಿಮೆಯಿರಲಿ, ಕೆಳಗಿಟ್ಟು ಹೊರಬರುವುದು ಕ್ಷೇಮ. ನಾಡ ಪಿಸ್ತೂಲುಗಳನ್ನು ಕುರಿತು ಇಲ್ಲಿ ಚರ್ಚಿಸುವುದೇ ಇಲ್ಲ. ಅವುಗಳಿಗೆ ಗುಣಮಟ್ಟವೂ ಇಲ್ಲ, ಪರವಾನಗಿಯೂ ಇಲ್ಲ.

ಚೇಂಬರ್ ಮತ್ತು ನಳಿಗೆ ಒಂದೇ ನೇರದಲ್ಲಿವೆಯೇ?

ರಿವಾಲ್ವರಿನ ಗುಣಮಟ್ಟವೆಲ್ಲ ಈ ಒಂದು ಪ್ರಶ್ನೆಯಲ್ಲಿ ಅಡಗಿದೆಯೆಂದರೆ ತಪ್ಪಾಗಲಾರದು. ಬಂದೂಕಿನಲ್ಲಿ ತೋಟಾ ಕೂರುವ ಜಾಗ ಮತ್ತು ನಳಿಗೆ ಒಂದೇ ತುಂಡಿನಂತೆ ಇರುತ್ತವೆ. ರಿವಾಲ್ವರಿನಲ್ಲಿ ಅವು ಬೇರೆ ಬೇರೆ. ಆರೋ ಎಂಟೋ ಚೇಂಬರುಗಳಿರುವ ಸಿಲಿಂಡರು ಪ್ರತಿ ಸಲ ಒಂದಿಷ್ಟು ತಿರುಗಿ, ಹೊಸ ಚೇಂಬರು ನಳಿಗೆಯ ಹಿಂದೆ ಬಂದು, ಅಲ್ಲಿಯೇ ಬಿಗಿಯಾಗಿ ನಿಲ್ಲಬೇಕು. ನಿಲ್ಲಿಸುವ ಕೆಲಸವನ್ನು ಒಂದು ಸಣ್ಣ ಉಕ್ಕಿನ ಚಿಲಕ ಮಾಡುತ್ತದೆ. ಅದು ಸಿಲಿಂಡರಿನ ಹೊರಮೈಯಲ್ಲಿರುವ ತಗ್ಗುಗಳಲ್ಲಿ ಕೂರುತ್ತದೆ. ಚಿಲಕ ಸವೆದರೆ, ತಗ್ಗಿನ ಅಂಚು ಮುರಿದರೆ, ತಿರುಗಿಸುವ ಕೈ ಗಿಡ್ಡವಾದರೆ ಚೇಂಬರು ನೇರಕ್ಕೆ ಬರುವುದಿಲ್ಲ. ಹೊರಗಿನ ಬಣ್ಣ, ಹಿಡಿಯ ಕೆತ್ತನೆ ಎಷ್ಟೇ ಚೆನ್ನಾಗಿದ್ದರೂ ಆಮೇಲೆ ಅದರಿಂದ ಉಪಯೋಗವಿಲ್ಲ.

ಪರೀಕ್ಷಿಸುವ ಕ್ರಮ ಸರಳ. ಮಾರಾಟಗಾರರ ಅನುಮತಿ ಪಡೆದು ಒಂದು ಚೇಂಬರಿನ ಹೊರಗೆ ಸೀಮೆಸುಣ್ಣದಿಂದ ಗುರುತು ಹಾಕಬೇಕು. ಸಿಲಿಂಡರಿನ ಮೇಲೆ ಎಡಗೈಯ ಬೆರಳನ್ನು ಹಗುರವಾಗಿ ಒತ್ತಿ, ಅದು ತಿರುಗುವುದಕ್ಕೆ ಸ್ವಲ್ಪ ತಡೆ ಕೊಡುತ್ತಾ, ಹಳಬರು ಕುದುರೆ ಎಂದು ಕರೆಯುತ್ತಿದ್ದ ಹ್ಯಾಮರನ್ನು ಬಹಳ ನಿಧಾನವಾಗಿ ಹಿಂದಕ್ಕೆ ಎಳೆಯಬೇಕು. ಹ್ಯಾಮರು ಪೂರ್ತಿ ಹಿಂದೆ ಹೋಗಿ ನಿಲ್ಲುವಷ್ಟರಲ್ಲಿ ಸಿಲಿಂಡರು ಟಕ್ಕೆಂದು ಕೂತಿರಬೇಕು. ಹ್ಯಾಮರು ನಿಂತಿದ್ದರೂ ಸಿಲಿಂಡರು ಇನ್ನೂ ಕೂತಿಲ್ಲ, ಬೆರಳಿನಿಂದ ಸ್ವಲ್ಪ ತಳ್ಳಿದ ಮೇಲೆ ಕೂರುತ್ತದೆ ಎಂದಾದರೆ ಅದು ದೋಷ. ಗುರುತಿನ ಚೇಂಬರು ಮರಳಿ ಬರುವವರೆಗೆ ಪ್ರತಿಯೊಂದಕ್ಕೂ ಇದನ್ನು ಮಾಡಬೇಕು. ನಾಲ್ಕು ಚೆನ್ನಾಗಿದ್ದು ಐದನೆಯದು ಕೆಟ್ಟಿರಬಹುದು. ಮೇಲೆ ಹೇಳಿದ ಪ್ರಕರಣದಲ್ಲಿ ಕೊಂಡವರು ಎರಡು ಮೂರು ಚೇಂಬರುಗಳನ್ನು ನೋಡಿ ತೃಪ್ತರಾಗಿದ್ದರು. ಟ್ರಿಗರನ್ನು ಮಾತ್ರ ಎಳೆದು ಹಾರಿಸುವ ಕ್ರಮದಲ್ಲಿಯೂ ಇದೇ ಪರೀಕ್ಷೆಯನ್ನು ಮತ್ತೊಮ್ಮೆ ಮಾಡುವುದು ಒಳಿತು. ಆದರೆ ಇಲ್ಲಿ ಹ್ಯಾಮರನ್ನು ಹೆಬ್ಬೆರಳಿನಿಂದ ಹಿಡಿದು ಮೆಲ್ಲಗೆ ಇಳಿಸಬೇಕು. ಖಾಲಿ ಚೇಂಬರಿನ ಮೇಲೆ ಬೀಳಲು ಬಿಡಬಾರದು. ಕಾರಣವನ್ನು ಮುಂದೆ ಹೇಳಿದೆ.

ಹ್ಯಾಮರು ಹಿಂದೆ ನಿಂತಿರುವಾಗ ಸಿಲಿಂಡರನ್ನು ಎಡಬಲಕ್ಕೆ ಅಲುಗಿಸಿ ನೋಡಬೇಕು. ಕೂದಲೆಳೆಯಷ್ಟು ಸಡಿಲ ಎಲ್ಲ ರಿವಾಲ್ವರುಗಳಲ್ಲಿಯೂ ಇರುತ್ತದೆ, ಹೊಸದರಲ್ಲಿ ಕೂಡ. ಕಣ್ಣಿಗೆ ಎದ್ದು ಕಾಣುವಷ್ಟು ಅಲುಗಿದರೆ ಒಪ್ಪಬಾರದು. ಹಾಗೆಯೇ ಹಿಂದೆ ಮುಂದೆ ತಳ್ಳಿ ನೋಡಬೇಕು. ಹಿಂದೆ ಮುಂದೆ ಆಡುವ ಸಿಲಿಂಡರಿನಲ್ಲಿ ತೋಟಾದ ಅಂಚು ಪಿನ್ನಿನಿಂದ ದೂರ ಸರಿಯುತ್ತದೆ. ಆ ಅಂಚಿನ ದಪ್ಪವೇ ಸುಮಾರು ಒಂದು ಮಿಲಿಮೀಟರ್ ಆಗಿರುವಾಗ ಅಲ್ಪಸ್ವಲ್ಪ ಸರಿದರೂ ಹೊಡೆತ ಹುಸಿಯಾಗುತ್ತದೆ.

ಸಿಲಿಂಡರಿನ ಮುಂಭಾಗಕ್ಕೂ ನಳಿಗೆಯ ಹಿಂಭಾಗಕ್ಕೂ ನಡುವೆ ಒಂದು ಸಂದು ಇರುತ್ತದೆ. ಅದು ಇರಲೇಬೇಕು, ಇಲ್ಲದಿದ್ದರೆ ಸಿಲಿಂಡರು ತಿರುಗುವುದಿಲ್ಲ. 0.10ರಿಂದ 0.20 ಮಿಲಿಮೀಟರ್ ಇದ್ದರೆ ಒಳ್ಳೆಯದು. ಮೋಟಾರ್ ಮೆಕ್ಯಾನಿಕ್‌ಗಳ ಬಳಿ ಇರುವ ಫೀಲರ್ ಗೇಜ್ ಸಿಕ್ಕರೆ ನಿಖರವಾಗಿ ಅಳೆಯಬಹುದು. ಸಿಗದಿದ್ದರೆ ಜೆರಾಕ್ಸ್ ಕಾಗದ ಸಾಕು. ಅದರ ಒಂದು ಹಾಳೆ ಸುಮಾರು 0.10 ಮಿಲಿಮೀಟರ್ ದಪ್ಪ. ಒಂದು ಹಾಳೆ ಆ ಸಂದಿನಲ್ಲಿ ತೂರಬೇಕು, ಎರಡು ಹಾಳೆ ತೂರಿದರೂ ಚಿಂತೆಯಿಲ್ಲ. ಸಾಮಾನ್ಯ ವಿಸಿಟಿಂಗ್ ಕಾರ್ಡ್ ಸಲೀಸಾಗಿ ತೂರಿದರೆ ಸಂದು ಅತಿಯಾಗಿದೆ ಎಂದು ತಿಳಿಯಬೇಕು. ಅತಿಯಾದ ಸಂದಿನಿಂದ ಬಿಸಿ ಅನಿಲ ಮತ್ತು ಸೀಸದ ಪುಡಿ ಬದಿಗೆ ಚಿಮ್ಮುತ್ತವೆ. ಪಕ್ಕದಲ್ಲಿ ನಿಂತವರ ಕಣ್ಣಿಗೂ ಹಿಡಿದವರ ಬೆರಳಿಗೂ ಅಪಾಯ. ಸಂದು ಸರಿಯಿದ್ದರೂ ಆ ಜಾಗದ ಮುಂದೆ ಬೆರಳು ಇಡಬಾರದು.

ನಳಿಗೆಯನ್ನೇ ಮಡಚಿ ತೆರೆಯುವ ಮಾದರಿಗಳಲ್ಲಿ ಇನ್ನೊಂದು ಕೀಲನ್ನು ನೋಡಬೇಕು. ಹಳೆಯ ವೆಬ್ಲಿಗಳು ಮತ್ತು ಕಾನ್ಪುರದ .32 ಈ ಮಾದರಿಯವು. ಮುಚ್ಚಿದ ಮೇಲೆ ಒಂದು ಕೈಯಲ್ಲಿ ಹಿಡಿಯನ್ನೂ ಮತ್ತೊಂದರಲ್ಲಿ ನಳಿಗೆಯನ್ನೂ ಹಿಡಿದು ಮೆಲ್ಲಗೆ ಅಲುಗಿಸಿದರೆ ಕಟಕಟ ಸದ್ದು ಬರಕೂಡದು. ಮೇಲಿನ ಕೊಂಡಿ ಸವೆದಿದ್ದರೆ ಆ ಸದ್ದು ಬರುತ್ತದೆ, ಇಂದಲ್ಲ ನಾಳೆ ಅದು ಹಾರಿಸುವಾಗಲೇ ತೆರೆದುಕೊಳ್ಳಬಹುದು.

ಪಿನ್ನು, ಚೇಂಬರಿನ ಅಂಚು ಮತ್ತು ಖಾಲಿ ಹೊಡೆತ

.32 ರಿವಾಲ್ವರನ್ನು ನೋಡಿ ಅಭ್ಯಾಸವಿರುವವರೂ .22 ಕೊಳ್ಳುವಾಗ ತಪ್ಪುವುದು ಇಲ್ಲಿ. ತೋಟಾ ಇಲ್ಲದೆ ಹ್ಯಾಮರು ಬಿದ್ದರೆ, .32ರಲ್ಲಿ ಪಿನ್ನು ಬರಿಯ ಗಾಳಿಗೆ ಹೊಡೆಯುತ್ತದೆ. .22ರಲ್ಲಿ ಪಿನ್ನಿನ ಎದುರಿಗೆ ಇರುವುದು ಚೇಂಬರಿನ ಅಂಚಿನ ಉಕ್ಕು. ಕೆಲವು ತಯಾರಕರು ಪಿನ್ನು ಆ ಅಂಚನ್ನು ಮುಟ್ಟದಂತೆ ತಡೆ ಇಟ್ಟಿರುತ್ತಾರೆ, ಅಗ್ಗದವುಗಳಲ್ಲಿ ಇದನ್ನು ನಂಬುವಂತಿಲ್ಲ. ಅಂಗಡಿಗೆ ಬಂದವರೆಲ್ಲ ಕುತೂಹಲಕ್ಕೆ ಟಕ್ಕು ಟಕ್ಕೆಂದು ಹೊಡೆದು ನೋಡಿದ ರಿವಾಲ್ವರಿನಲ್ಲಿ ಪ್ರತಿ ಚೇಂಬರಿನ ಅಂಚಿನ ಮೇಲೂ ಒಂದೇ ಜಾಗದಲ್ಲಿ ಸಣ್ಣ ಕಚ್ಚು ಬಿದ್ದಿರುತ್ತದೆ. ಕಚ್ಚಿನ ಲೋಹ ಒಳಗೆ ಉಬ್ಬಿ, ತೋಟಾ ಸಲೀಸಾಗಿ ಒಳಹೋಗುವುದಿಲ್ಲ, ಹಾರಿದ ಕೋಶ ಹೊರಬರುವುದಿಲ್ಲ. ಅಲ್ಲದೆ ಪಿನ್ನಿನ ತುದಿ ಮೊಂಡಾಗುತ್ತದೆ.

ಆದ್ದರಿಂದ ಸಿಲಿಂಡರಿನ ಹಿಂಭಾಗವನ್ನು ಟಾರ್ಚಿನ ಬೆಳಕಿನಲ್ಲಿ, ಸಾಧ್ಯವಾದರೆ ಭೂತಗನ್ನಡಿಯಿಂದ ನೋಡಬೇಕು. ಹೊಸದೆಂದು ಮಾರುವ ರಿವಾಲ್ವರಿನಲ್ಲಿ ಕಚ್ಚು ಕಂಡರೆ ಕಾರಣ ಕೇಳುವ ಹಕ್ಕು ಕೊಳ್ಳುವವರಿಗಿದೆ. ಹ್ಯಾಮರಿನ ಹೊಡೆತವನ್ನು ಪರೀಕ್ಷಿಸಲೇಬೇಕಾದಲ್ಲಿ ಪ್ಲಾಸ್ಟಿಕ್ಕಿನ ನಕಲಿ ತೋಟಾ ಹಾಕಿ ಹೊಡೆಯಲು ಮಾರಾಟಗಾರರನ್ನು ಕೋರಬಹುದು.

ಹ್ಯಾಮರು ತಾನಾಗಿ ಬೀಳುವುದೇ?

ಹ್ಯಾಮರನ್ನು ಹಿಂದಕ್ಕೆ ನಿಲ್ಲಿಸಿ, ನಕಲಿ ತೋಟಾ ಒಳಗಿರುವಾಗ, ಟ್ರಿಗರನ್ನು ಮುಟ್ಟದೆ ಹ್ಯಾಮರಿನ ಬೆನ್ನನ್ನು ಹೆಬ್ಬೆರಳಿನಿಂದ ಮುಂದಕ್ಕೆ ಒತ್ತಬೇಕು. ಸಾಧಾರಣ ಒತ್ತಡಕ್ಕೆ ಅದು ಬಿದ್ದರೆ ಒಳಗಿನ ಕೊಕ್ಕೆ ಸವೆದಿದೆ ಅಥವಾ ಯಾರೋ ಟ್ರಿಗರನ್ನು ಹಗುರ ಮಾಡಲು ಅದನ್ನು ಉಜ್ಜಿದ್ದಾರೆ ಎಂದು ಅರ್ಥ. ಅಂತಹ ರಿವಾಲ್ವರು ಮೇಜಿನಿಂದ ಕೆಳಗೆ ಬಿದ್ದರೂ ಹಾರಬಹುದು. ಇದಕ್ಕೆ ರಿಯಾಯಿತಿ ಕೊಡುತ್ತೇವೆ ಎಂದರೆ ಒಪ್ಪಬಾರದು.

ಟ್ರಿಗರನ್ನು ಎಳೆಯದ ಹೊರತು ಹ್ಯಾಮರಿನ ಹೊಡೆತ ಪಿನ್ನಿಗೆ ತಲುಪದಂತೆ ತಡೆಯುವ ವ್ಯವಸ್ಥೆ ಇದೆಯೇ ಎಂದು ಕೇಳಬೇಕು. ಹಳೆಯ ಅಗ್ಗದ ಮಾದರಿಗಳಲ್ಲಿ ಇದು ಇಲ್ಲದಿರುವುದುಂಟು. ಇಲ್ಲದಿದ್ದಲ್ಲಿ, ಹ್ಯಾಮರಿನ ಎದುರಿನ ಚೇಂಬರನ್ನು ಸದಾ ಖಾಲಿ ಬಿಟ್ಟುಕೊಳ್ಳಬೇಕು. ಎಂಟರ ರಿವಾಲ್ವರನ್ನು ಏಳರದೆಂದು ಎಣಿಸಿ ಬೆಲೆ ಕಟ್ಟುವುದು ನ್ಯಾಯ.

ಯಾವುದನ್ನು ಕ್ಷಮಿಸಬಹುದು?

ಕಡಿಮೆ ಬೆಲೆಗೆ ಕೊಳ್ಳುವವರು ಎಲ್ಲವನ್ನೂ ನಿರೀಕ್ಷಿಸಲಾಗದು. ಕಪ್ಪು ಬಣ್ಣ ಅಲ್ಲಲ್ಲಿ ಮಾಸಿರುವುದು, ಹಿಡಿಯ ಪ್ಲಾಸ್ಟಿಕ್ಕು ಒರಟಾಗಿರುವುದು, ಯಂತ್ರದ ಗೆರೆಗಳು ಹೊರಮೈಯಲ್ಲಿ ಉಳಿದಿರುವುದು, ಗುರಿಕಣ್ಣು ಸಾದಾ ಇರುವುದು, ಟ್ರಿಗರು ಸ್ವಲ್ಪ ಗಡುಸಾಗಿರುವುದು ಇವೆಲ್ಲವನ್ನೂ ಒಪ್ಪಿಕೊಳ್ಳಬಹುದು. ಚೌಕಟ್ಟು ಹಗುರ ಮಿಶ್ರಲೋಹದ್ದಾಗಿದ್ದರೂ .22ರ ಒತ್ತಡಕ್ಕೆ ಸಾಕು. ಆದರೆ ನಳಿಗೆ ಮತ್ತು ಚೇಂಬರುಗಳ ಒಳಮೈ ಉಕ್ಕಿನದಾಗಿರಬೇಕು.

ನಳಿಗೆಯ ಒಳಗೆ ಬಿಳಿ ಕಾಗದದ ಪ್ರತಿಫಲನದಲ್ಲಿ ನೋಡಿದಾಗ ಸುರುಳಿ ಗೆರೆಗಳು ಸ್ಪಷ್ಟವಾಗಿರಬೇಕು. ಉಂಗುರದಂತಹ ಕಪ್ಪು ನೆರಳು ಕಂಡರೆ, ಹಿಂದೊಮ್ಮೆ ಗುಂಡು ನಳಿಗೆಯಲ್ಲಿ ಸಿಕ್ಕಿಕೊಂಡು ಅದರ ಹಿಂದೆ ಮತ್ತೊಂದು ಹಾರಿ ನಳಿಗೆ ಉಬ್ಬಿರುವ ಸಾಧ್ಯತೆಯಿದೆ. ತುಕ್ಕಿನ ಸಣ್ಣ ಚುಕ್ಕೆಗಳು ಹೊರಗಿದ್ದರೆ ಹೋಗಲಿ, ಚೇಂಬರಿನ ಒಳಗೆ ಇರಬಾರದು.

ಚೇಂಬರು ಯಾವ ತೋಟಾಕ್ಕೆ ಎಂಬುದನ್ನೂ ಖಚಿತಪಡಿಸಿಕೊಳ್ಳಬೇಕು. 1959ರಲ್ಲಿ ಬಂದ .22 ಮ್ಯಾಗ್ನಮ್ ತೋಟಾ ಬೇರೆಯೇ ಆಗಿದ್ದು, ಅದರ ಚೇಂಬರು ಸ್ವಲ್ಪ ಅಗಲ. ಅದರಲ್ಲಿ ಲಾಂಗ್ ರೈಫಲ್ ತೋಟಾ ಹಾಕಿದರೆ ಸಡಿಲವಾಗಿ ಕೂತು ಕೋಶ ಒಡೆಯಬಹುದು. ಹಳೆಯ ವಿದೇಶಿ ರಿವಾಲ್ವರುಗಳಲ್ಲಿ ಎರಡು ಸಿಲಿಂಡರುಗಳೊಂದಿಗೆ ಬಂದು ಒಂದು ಕಳೆದುಹೋಗಿರುವುದುಂಟು.

ಸಣ್ಣಪುಟ್ಟ ದೋಷವನ್ನು ಊರಿನ ಲೇತ್ ಅಂಗಡಿಯಲ್ಲಿ ಸರಿಪಡಿಸಿಕೊಳ್ಳಬಹುದು ಎಂಬ ಮಾತಿಗೆ ಕಿವಿಗೊಡಬಾರದು. ಆಯುಧದ ದುರಸ್ತಿಗೂ ಅಧಿನಿಯಮದ ಕಲಂ 5ರ ಪ್ರಕಾರ ಪರವಾನಗಿ ಬೇಕು. ಪರವಾನಗಿಯಿಲ್ಲದ ಕಮ್ಮಾರರು, ಟರ್ನರುಗಳು ರಿವಾಲ್ವರನ್ನು ಮುಟ್ಟಿದರೆ ಅವರೂ, ಕೊಟ್ಟವರೂ ತೊಂದರೆಗೆ ಸಿಲುಕುತ್ತಾರೆ.

ಹಾರಿಸಿ ನೋಡುವುದು

ಕೈಯಲ್ಲಿ ಮಾಡುವ ಪರೀಕ್ಷೆಗಳೆಲ್ಲ ಮುಗಿದ ಮೇಲೂ, ತೋಟಾಗಳು ಹುಸಿಯಾಗುತ್ತವೆಯೇ ಎಂಬುದು ಹಾರಿಸಿದಾಗಲೇ ತಿಳಿಯುತ್ತದೆ. ಅನುಮತಿ ಹೊಂದಿದ ಫೈರಿಂಗ್ ರೇಂಜಿನಲ್ಲಿ, ತಿಳಿದವರ ಸಮಕ್ಷಮದಲ್ಲಿ ಮಾತ್ರ ಇದನ್ನು ಮಾಡಬೇಕು. ಮಾವಿನ ತೋಪು, ಕೆರೆಯ ಅಂಗಳ, ಕಲ್ಲುಕ್ವಾರಿ ಇವು ರೇಂಜುಗಳಲ್ಲ. ಹುಸಿಯಾದ ತೋಟಾ ಇದ್ದರೆ ನಳಿಗೆಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು ಅರ್ಧ ನಿಮಿಷವಾದರೂ ಕಾಯಬೇಕು. ನಂತರ ತೆಗೆದು ಅದರ ಅಂಚಿನ ಮೇಲಿನ ಗುರುತನ್ನು ನೋಡಬೇಕು. ಗುರುತು ಆಳವಾಗಿದ್ದೂ ಹಾರದಿದ್ದರೆ ತಪ್ಪು ತೋಟಾದ್ದು, ಗುರುತು ಮಸುಕಾಗಿದ್ದರೆ ರಿವಾಲ್ವರಿನದು. ಯಾವಾಗಲೂ ಒಂದೇ ಚೇಂಬರಿನಲ್ಲಿ ಹುಸಿಯಾಗುತ್ತಿದ್ದರೆ ಆ ಚೇಂಬರನ್ನು ಮತ್ತೆ ನೋಡಬೇಕು.

ಹಳೆಯದನ್ನು ಪರವಾನಗಿದಾರರಿಂದಲೇ ಕೊಳ್ಳುವುದಾದರೆ

ಮಾರುವವರು ತಮ್ಮ ಉದ್ದೇಶವನ್ನೂ, ಕೊಳ್ಳುವವರ ಹೆಸರು ವಿಳಾಸವನ್ನೂ ಜಿಲ್ಲಾ ದಂಡಾಧಿಕಾರಿಗಳಿಗೆ ಅಥವಾ ಸಮೀಪದ ಪೊಲೀಸ್ ಠಾಣಾಧಿಕಾರಿಗಳಿಗೆ ಲಿಖಿತವಾಗಿ ತಿಳಿಸಿ, 45 ದಿನಗಳು ಕಳೆದ ನಂತರವೇ ವರ್ಗಾಯಿಸಬೇಕು. ಈ ಅವಧಿಯನ್ನು ಅನೇಕರು ಕಿರಿಕಿರಿ ಎಂದು ಭಾವಿಸುತ್ತಾರೆ. ಕೊಳ್ಳುವವರಿಗೆ ಅದೇ ಅನುಕೂಲವೂ ಹೌದು. ಮಾರುವವರ ಸಮಕ್ಷಮದಲ್ಲಿ, ಪರವಾನಗಿ ಪಡೆದ ದುರಸ್ತಿಗಾರರಿಗೆ ತೋರಿಸಿ ಅಭಿಪ್ರಾಯ ಪಡೆಯಲು ಅಷ್ಟು ದಿನ ಸಾಕು. ಪೂರ್ತಿ ಹಣವನ್ನು ಮೊದಲೇ ಕೊಡದಿರುವುದು ಲೇಸು. ತಂದೆ, ತಾತನವರ ಕಾಲದ ಆಯುಧವು ಮನೆಯಲ್ಲಿ ಉಳಿದಿದ್ದು ಪರವಾನಗಿದಾರರು ಮೃತಪಟ್ಟಿದ್ದರೆ, ವಾರಸುದಾರರು ತಮ್ಮ ಹೆಸರಿಗೆ ಪರವಾನಗಿ ಪಡೆಯುವವರೆಗೆ ಅದನ್ನು ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ಮಾರಾಟಗಾರರಲ್ಲಿ ಠೇವಣಿ ಇಡಬೇಕು. ಮನೆಯಲ್ಲಿದೆ ಎಂಬ ಕಾರಣಕ್ಕೆ ಅದನ್ನು ಮಾರಲು ಬರುವುದಿಲ್ಲ.

ಬಿಲ್ಲು, ಗಡಿ ಮತ್ತು ಠೇವಣಿ

ರಿವಾಲ್ವರುಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆಯನ್ನು 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ ಶೇ 40ಕ್ಕೆ ಏರಿಸಲಾಗಿದೆ. ಅಂಗಡಿಯಲ್ಲಿ ಹೇಳುವ ಬೆಲೆ ತೆರಿಗೆ ಸೇರಿಯೋ, ಸೇರದೆಯೋ ಎಂದು ಮೊದಲೇ ಕೇಳಬೇಕು. ಬಿಲ್ಲಿನಲ್ಲಿರುವ ಸಂಖ್ಯೆ, ಆಯುಧದ ಮೇಲಿರುವ ಸಂಖ್ಯೆ, ಪರವಾನಗಿಯಲ್ಲಿ ಬರೆದ ಸಂಖ್ಯೆ ಮೂರನ್ನೂ ಅಂಗಡಿಯಿಂದ ಹೊರಡುವ ಮುನ್ನ ಅಂಕಿ ಅಂಕಿಯಾಗಿ ಓದಿ ತಾಳೆ ನೋಡಬೇಕು. ಒಂದು ಅಂಕಿ ತಪ್ಪಾಗಿ ಬಿದ್ದರೂ ಮುಂದೆ ನವೀಕರಣದ ಸಮಯದಲ್ಲಿ ಅದು ಬೇರೆಯೇ ಆಯುಧವೆಂದು ಆಕ್ಷೇಪಣೆ ಬರುತ್ತದೆ.

ಮಾಸ್ತಿಯವರಿಗೆ ತಮಿಳುನಾಡಿನ ಗಡಿ ದೂರವೇನಲ್ಲ. ಬೇರಿಗೆ, ಹೊಸೂರು ಕಡೆಗೆ ದಿನವೂ ವ್ಯಾಪಾರಕ್ಕೆ ಹೋಗುವವರಿದ್ದಾರೆ. ಪರವಾನಗಿಯ ವ್ಯಾಪ್ತಿ ಕರ್ನಾಟಕಕ್ಕೆ ಮಾತ್ರ ಸೀಮಿತವಾಗಿದ್ದರೆ ಆಯುಧದೊಡನೆ ಗಡಿ ದಾಟಿದ ಕ್ಷಣದಿಂದ ಅದು ಪರವಾನಗಿಯಿಲ್ಲದ ಆಯುಧ. ಹಾಗೆಯೇ, ಕೊಡಗಿನಲ್ಲಿ ಕೆಲವು ವರ್ಗದವರಿಗೆ ಇರುವ ವಿನಾಯಿತಿಯು ಕೋಲಾರ ಜಿಲ್ಲೆಯವರಿಗೆ ಅನ್ವಯಿಸುವುದಿಲ್ಲ.

ಚುನಾವಣೆಯ ಕಾಲದಲ್ಲಿ ಆಯುಧವನ್ನು ಠಾಣೆಯಲ್ಲಿ ಠೇವಣಿ ಇಡುವಂತೆ ಆದೇಶವಾಗುವುದುಂಟು. .22ರ ಸೀಸದ ಗುಂಡುಗಳಿಗೆ ಮೇಣ ಅಥವಾ ಜಿಡ್ಡು ಸವರಿರುತ್ತಾರೆ. ಹಾರಿಸಿದ ಮೇಲೆ ಅದು ಚೇಂಬರಿನಲ್ಲಿ ಮಸಿಯೊಡನೆ ಗಟ್ಟಿಯಾಗಿ, ತೇವವನ್ನು ಹಿಡಿದಿಡುತ್ತದೆ. ಆದ್ದರಿಂದ ಠೇವಣಿಗೆ ಕೊಡುವ ಹಿಂದಿನ ದಿನ ನಳಿಗೆ, ಚೇಂಬರುಗಳನ್ನು ಒರೆಸಿ ತೆಳುವಾಗಿ ಎಣ್ಣೆ ಹಚ್ಚಬೇಕು. ಚರ್ಮದ ಚೀಲದಲ್ಲಿಟ್ಟು ಕೊಡಬಾರದು, ಚರ್ಮವೂ ತೇವ ಹೀರುತ್ತದೆ. ಸಂಖ್ಯೆ, ಬೋರ್ ಮತ್ತು ಆಯುಧದ ಸ್ಥಿತಿ ಬರೆದ ರಸೀದಿ ಪಡೆಯಬೇಕು. ಹಿಂಪಡೆಯುವಾಗ ರಿಜಿಸ್ಟರಿನಲ್ಲಿ ಸಹಿ ಮಾಡುವ ಮುನ್ನ ಸಂಖ್ಯೆಯನ್ನು ತಾಳೆ ನೋಡಿ, ತೆರೆದು ಖಾಲಿಯಿದೆಯೇ ಎಂದು ಖಚಿತಪಡಿಸಿಕೊಂಡು, ಸಿಲಿಂಡರನ್ನು ಒಂದು ಸುತ್ತು ತಿರುಗಿಸಿ ಪ್ರತಿ ಚೇಂಬರೂ ಟಕ್ಕೆಂದು ಕೂರುವುದನ್ನು ನೋಡಿಕೊಳ್ಳಬೇಕು. ವ್ಯತ್ಯಾಸ ಕಂಡುಬಂದಲ್ಲಿ ಅದನ್ನು ಅಲ್ಲಿಯೇ ರಿಜಿಸ್ಟರಿನಲ್ಲಿ ಬರೆಯಿಸಿ, ಅದರ ನಕಲನ್ನು ಕೇಳಿ ಪಡೆಯತಕ್ಕದ್ದು.